ನೇಕಾರ ಕೇರಿಗೆ ಬಂದ ನರಿಗಳು

ಹತ್ತಿರ ಬಂದು ಕೂತ್ಕೊಳ್ಳಿ ಮಕ್ಕಳೇ, ಹೇಳ್ತೀನಿ. ಕರಿಗುಡ್ಡ ಅಂತ ಒಂದು ಗುಡ್ಡ. ಅದರ ಬುಡಕ್ಕೆ ಒಂದು ಪಟ್ಟಣ. ಆ ಪಟ್ಟಣವನ್ನು ಮುದ್ದರಸ ಅನ್ನೋ ರಾಜ ಆಳುತ್ತಿದ್ದ. ಒಳ್ಳೆಯವನೇ. ಆದರೆ ಯಾರಾದರೂ ಗಟ್ಟಿ ದನಿಯಲ್ಲಿ ಹೇಳಿದರೆ ಸಾಕು, ನಂಬಿಬಿಡೋನು.

ಪಟ್ಟಣದ ಕಟ್ಟಕಡೆಗೆ ನೇಕಾರ ಕೇರಿ. ಅಲ್ಲಿ ಚಿಕ್ಕತಾಯಿ ಅಂತ ಒಬ್ಬ ಸೊಸೆ ಇದ್ದಳು. ಮನೆಯಲ್ಲಿ ಗಂಡ, ಅತ್ತೆ, ತೊಟ್ಟಿಲಲ್ಲಿ ಒಂದು ಕೂಸು.

ಒಂದು ವರ್ಷ ಏನಾಯ್ತು ಅಂದರೆ, ಗುಡ್ಡದ ನರಿಗಳು ಕೇರಿಗೆ ಇಳಿಯೋಕೆ ಶುರು ಮಾಡಿದವು. ಮೊದಲು ಒಂದು ಕೋಳಿ ಹೋಯಿತು. ಆಮೇಲೆ ಒಂದು ಮೇಕೆಮರಿ ಹೋಯಿತು. ಆಮೇಲೆ ಬಂದದ್ದು ಚಿಕ್ಕತಾಯಿಯ ಹಿತ್ತಿಲಿಗೆ.

ಅವಳು ಬೇವಿನ ಮರಕ್ಕೆ ತೊಟ್ಟಿಲು ಕಟ್ಟಿ, ಬಾವಿಕಟ್ಟೆ ಹತ್ತಿರ ನೂಲು ತೊಳೀತಿದ್ದಳು. ತಿರುಗಿ ನೋಡ್ತಾಳೆ, ಒಂದು ನರಿ ಮೂತಿ ಎತ್ತಿ ತೊಟ್ಟಿಲು ಮೂಸುತ್ತಿದೆ!

ಬಾಗಿಲಲ್ಲಿದ್ದ ಅತ್ತೆ ಚೀರಿದಳು: "ಒಳಗೆ ಓಡಿ ಬಾರೇ!"

ಓಡಿದರೆ ಕೂಸು? ಚಿಕ್ಕತಾಯಿ ಓಡಲಿಲ್ಲ. ಎರಡೂ ಕೈ ಮೇಲಕ್ಕೆತ್ತಿದಳು. ನೆಟ್ಟಗೆ ನಿಂತಳು. ನರಿಯ ಕಣ್ಣಲ್ಲಿ ಕಣ್ಣಿಟ್ಟು ದಪದಪ ಹೆಜ್ಜೆ ಹಾಕಿದಳು. ಕೈಗೆ ಸಿಕ್ಕ ಹಿತ್ತಾಳೆ ತಟ್ಟೆಯನ್ನು ಚೊಂಬಿನಿಂದ ಬಡಿದಳು. "ಹೋಯ್! ನಡಿ ಆಚೆ!"

ನರಿ ಹಿಂದೆ ಸರಿಯಿತು. ಇನ್ನಷ್ಟು ಸರಿಯಿತು. ಬಾಲ ಮುದುರಿಕೊಂಡು ಬೇಲಿ ಹಾರಿ ಹೋಯಿತು. ಆಮೇಲೆ ಚಿಕ್ಕತಾಯಿ ಕೂಸನ್ನು ಎದೆಗೆ ಅವಚಿಕೊಂಡಳು. ಅಲ್ಲೇ ಕೂತು ಗೋಳೋ ಅಂತ ಅತ್ತಳು. ಹೆದರಿಕೆ ಅವಳಿಗೂ ಇತ್ತು ಮಕ್ಕಳೇ.

ಸುದ್ದಿ ಅರಮನೆಗೆ ಹೋಯಿತು. ರಾಜನಿಗೆ ಉಗ್ರಪ್ಪ ಅಂತ ಒಬ್ಬ ಬೇಟೆ ನಾಯಕ ಇದ್ದ. ಮೀಸೆ ತಿರುವಿಕೊಂಡು, "ನಾನಿದ್ದೀನಿ ಮಹಾಪ್ರಭು" ಅಂದ. ಮೊದಲು ಗುಂಡಿ ತೋಡಿಸಿದ. ಅಗಸರ ಕತ್ತೆ ಬಿದ್ದು ಕಾಲು ಮುರಿದುಕೊಂಡಿತು. ಆಮೇಲೆ ವಿಷ ಇಡಿಸಿದ. ಬೀದಿನಾಯಿ ಸತ್ತವು, ಕಾಗೆ ಸತ್ತವು. ನರಿ ಮಾತ್ರ ಬರ್ತಾನೇ ಇದ್ದವು. ಕೊನೆಗೆ ಅಂದ: "ಪ್ರಭು, ಗುಡ್ಡವನ್ನೇ ನನಗೆ ಉಂಬಳಿ ಕೊಡಿ. ಸುತ್ತ ಬೇಲಿ ಹಾಕಿಸಿ ಯಾರೂ ಕಾಲಿಡದ ಹಾಗೆ ಮಾಡ್ತೀನಿ. ನರಿ ಕಾಟ ತೀರುತ್ತೆ."

"ಆಗಲಿ, ಶ್ರಾವಣದ ಕೊನೇ ಸೋಮವಾರ ಕೊಟ್ಟುಬಿಡ್ತೀನಿ" ಅಂದ ರಾಜ.

ಕೇರಿಯವರ ಎದೆ ಧಸಕ್ಕೆಂದಿತು. ಸೌದೆ ಬರೋದು ಆ ಗುಡ್ಡದಿಂದ. ನೂಲಿಗೆ ಬಣ್ಣ ಹಾಕೋ ತೊಗಟೆ ಬರೋದು ಆ ಗುಡ್ಡದಿಂದ. ಕುಡಿಯೋ ನೀರಿನ ಒರತೆ ಇರೋದೂ ಅಲ್ಲೇ.

ಚಿಕ್ಕತಾಯಿ ಮನೆಮನೆಗೆ ಹೋದಳು. "ಅಕ್ಕಾ, ಮುಸುರೆ ಹಿತ್ತಿಲಿಗೆ ಚೆಲ್ಲಬೇಡ." "ಅತ್ತೇ, ಹೊತ್ತು ಮುಳುಗೋ ಮುಂಚೆ ಕೋಳಿಗೂಡು ಮುಚ್ಚು." "ಅಣ್ಣಾ, ಉದುರಿದ ಹಣ್ಣು ಎತ್ತಿ ಹಾಕು." ನರಿ ಬಂದರೆ ಬೆನ್ನು ತೋರಿಸಿ ಓಡಬೇಡಿ, ನಿಂತು ಗದ್ದಲ ಮಾಡಿ, ಅದಕ್ಕೆ ಹೋಗೋಕೆ ದಾರಿ ಬಿಡಿ ಅಂತ ಎಲ್ಲರಿಗೂ ಕಲಿಸಿದಳು. ಕೇರಿ ಹಾಗೇ ನಡೆಯಿತು. ನರಿಗಳೂ ದೂರವಾದವು.

ಹಿಂದಿನ ಓಣಿಗೆ ಮಾತ್ರ ಬರೋದು ಬಿಡಲಿಲ್ಲ. ಚಿಕ್ಕತಾಯಿ ಹೋಗಿ ನೋಡಿದರೆ ಅಲ್ಲಿ ಮೇಕೆ ಮೂಳೆ, ಹಸೀ ಮೂಳೆ.

"ಅತ್ತೇ, ಈ ಶ್ರಾವಣದಲ್ಲಿ ನಮ್ಮ ಕೇರಿಯಲ್ಲಿ ಯಾರ ಮನೇಲಿ ಮಾಂಸ ತರ್ತಾರೆ?"

"ಬಾಯಿ ತೊಳ್ಕೊ! ಯಾರೂ ತರೋದಿಲ್ಲ."

"ಹಾಗಾದರೆ ಇದನ್ನು ಯಾರು ಹಾಕ್ತಾರೆ?"

ಆ ಸಂಜೆ ಇಬ್ಬರೂ ಗೋಡೆ ಮರೆಗೆ ಕೂತು ನೋಡಿದರು. ದನ ಮನೆಗೆ ಬರೋ ಹೊತ್ತಿಗೆ ಕಂಬಳಿ ಹೊದ್ದ ಒಬ್ಬ ಬಂದ. ಚೀಲದಿಂದ ಮಾಂಸ ಎಸೆದ. ಸಣ್ಣಗೆ ಸಿಳ್ಳೆ ಹಾಕಿದ. ನರಿಗಳು ಬಂದು ಅವನ ಕಾಲ ಬುಡದಲ್ಲೇ ತಿಂದವು. ಬೆವರು ಒರೆಸಲು ಅವನು ಕಂಬಳಿ ಸರಿಸಿದ. ಮೀಸೆ ಕಂಡಿತು. ಉಗ್ರಪ್ಪ! ನರಿ ತರಿಸಿ ಜನರನ್ನು ಹೆದರಿಸಿ ಗುಡ್ಡ ಲಪಟಾಯಿಸೋ ಉಪಾಯ ಅವನದು.

ಅತ್ತೆ ಪಿಸುಗುಟ್ಟಿದಳು: "ನಾವು ಹೇಳಿದರೆ ರಾಜ ನಂಬ್ತಾನೇನೇ?"

"ಹೇಳೋದು ಬೇಡ ಅತ್ತೆ. ತೋರಿಸೋಣ."

ಆ ಸೋಮವಾರ ಆಸ್ಥಾನ ತುಂಬಿತ್ತು. ಚಿಕ್ಕತಾಯಿ ಕೈಮುಗಿದು ನಿಂತಳು. "ಬುದ್ಧೀ, ಗುಡ್ಡ ನಾಯಕರಿಗೇ ಕೊಡಿ. ಅವರಂಥ ಧೀರರು ಯಾರಿದ್ದಾರೆ? ಆದರೆ ನಮ್ಮ ಹೆಂಗಸರು, ಮಕ್ಕಳಿಗೆ ಇನ್ನೂ ಭಯ. ಇವತ್ತು ಸಂಜೆ ಅವರು ಬರಿಗೈಯಲ್ಲಿ ನಮ್ಮ ಹಿಂದಿನ ಓಣಿಯಲ್ಲಿ ಒಂದು ಸಲ ನಡೆದು ತೋರಿಸಲಿ. ನಮಗೂ ಧೈರ್ಯ ಬರುತ್ತೆ. ತಾವು ನಮ್ಮ ಮನೆ ಮಾಳಿಗೆಯಿಂದ ನೋಡಬೇಕು."

ರಾಜ ನಕ್ಕ. "ಅಷ್ಟೇ ತಾನೆ? ನಡಿ ಉಗ್ರಪ್ಪ."

ಉಗ್ರಪ್ಪನ ಮುಖ ಬಿಳಿಚಿಕೊಂಡಿತು. ಎಲ್ಲರೆದುರು ಒಲ್ಲೆ ಅನ್ನೋದು ಹೇಗೆ?

ಸಂಜೆ ಆಯಿತು. ರಾಜ ಮಾಳಿಗೆ ಮೇಲೆ, ಜನ ಬಾಗಿಲ ಸಂದಿಯಲ್ಲಿ. ಉಗ್ರಪ್ಪ ಓಣಿಗೆ ಇಳಿದ. ಬೇಲಿಯಿಂದ ಒಂದು ನರಿ ಬಂತು. ಇನ್ನೊಂದು ಬಂತು. ಮತ್ತೊಂದೂ ಬಂತು. ನಾಯಿಮರಿಗಳ ಹಾಗೆ ಬಾಲ ಆಡಿಸುತ್ತಾ ಅವನ ಹಿಂದೆ ಹಿಂದೆ ನಡೆದವು. ಅವನು ನಿಂತರೆ ನಿಂತವು. ಕೈ ಮೂಸಿದವು. "ಹಚಾ! ಹಚಾ!" ಅಂದ ಉಗ್ರಪ್ಪ. ಅವು ಕೂತುಕೊಂಡು ಅವನ ಮುಖವನ್ನೇ ನೋಡಿದವು.

ಆಗ ಚಿಕ್ಕತಾಯಿ ಬಾಗಿಲು ತೆರೆದು ಹೊರಗೆ ಬಂದಳು. ಕೈ ಎತ್ತಿದಳು, ತಟ್ಟೆ ಬಡಿದಳು. ನರಿಗಳು ಒಂದೇ ನೆಗೆತಕ್ಕೆ ಗುಡ್ಡ ಸೇರಿದವು.

ರಾಜ ಮೆಟ್ಟಿಲು ಇಳಿದು ಬಂದ. "ಉಗ್ರಪ್ಪಾ, ನಿನ್ನನ್ನು ಕಂಡರೆ ಇವಕ್ಕೆ ಇಷ್ಟು ಪ್ರೀತಿ ಯಾಕೋ?"

ಉಗ್ರಪ್ಪ ಕಾಲಿಗೆ ಬಿದ್ದು ಎಲ್ಲ ಒಪ್ಪಿಕೊಂಡ.

"ಇವನಿಗೇನು ಶಿಕ್ಷೆ ತಾಯಿ? ನೀನೇ ಹೇಳು" ಅಂದ ರಾಜ.

ಚಿಕ್ಕತಾಯಿ ಅಂದಳು: "ನರಿಗಳಿಗೆ ಮನುಷ್ಯರ ಭಯ ಬಿಡಿಸಿದವರು ಇವರು. ಅದನ್ನು ತಿರುಗಿ ಕಲಿಸೋದೂ ಇವರೇ ಆಗಲಿ ಬುದ್ಧಿ. ದಿನಾ ಕೇರಿಯ ಮುಸುರೆ ಎಲ್ಲ ದೂರದ ಗುಂಡಿಗೆ ಹೊತ್ತು ಹಾಕಲಿ. ಸಂಜೆ ತಟ್ಟೆ ಬಡಿಯಲಿ. ಇವರನ್ನು ಕಂಡು ನರಿ ಓಡಿದ ದಿನ ಬಿಟ್ಟುಬಿಡಿ."

ಹಾಗೇ ಆಯಿತು. ಬೇಟೆ ನಾಯಕ ಬುಟ್ಟಿ ಹೊತ್ತ, ತಟ್ಟೆ ಬಡಿದ. ಮಳೆಗಾಲ ಕಳೆದು ಚಳಿ ಬರೋ ಹೊತ್ತಿಗೆ ಕೊನೇ ನರಿಯೂ ಅವನನ್ನು ಕಂಡು ಗುಡ್ಡಕ್ಕೆ ಓಡಿತು. ಅಂದು ಅವನು ತಟ್ಟೆ ಕೆಳಗಿಟ್ಟು ಕಣ್ಣೊರೆಸಿಕೊಂಡನಂತೆ. ಗುಡ್ಡ ಎಲ್ಲರದಾಗಿಯೇ ಉಳಿಯಿತು, ನರಿಗಳದ್ದೂ ಕೂಡ.

ನೆನಪಿಡಿ ಮಕ್ಕಳೇ. ಕಾಡಿನ ಪ್ರಾಣಿಯನ್ನು ಕೊಲ್ಲೋದೂ ಬೇಡ, ಅನ್ನ ಹಾಕಿ ಕರೆಯೋದೂ ಬೇಡ. ನಮ್ಮ ಹಿತ್ತಿಲು ನಾವು ಚೊಕ್ಕವಾಗಿ ಇಟ್ಟುಕೊಂಡು, ಗಟ್ಟಿಯಾಗಿ ನಿಂತರೆ ಅದು ತನ್ನ ದಾರಿ ಹಿಡಿಯುತ್ತೆ. ಮತ್ತೆ, ಯಾರಾದರೂ ನಿಮ್ಮನ್ನು ಬಹಳ ಹೆದರಿಸಿದರೆ, ಆ ಹೆದರಿಕೆಯಿಂದ ಅವರಿಗೇನು ಸಿಗುತ್ತೆ ಅಂತ ಒಂದು ಸಲ ನೋಡಿ.