ಹಿಂದೆ ತಿರುಗುವ ಓಟಗಾರ

ಎರಡು ಮಹಾಯುದ್ಧಗಳ ನಡುವಿನ ಕಾಲ. ಗ್ರೀಸ್ ದೇಶದಲ್ಲಿ ಸ್ತ್ರಾತಿಸ್ ಅಂತ ಒಬ್ಬ ಓಟಗಾರನಿದ್ದ. ಸಾವಿರದೈನೂರು ಮೀಟರ್ ಓಟದಲ್ಲಿ ಅವನ ಕಾಲು ನೋಡಬೇಕಿತ್ತು, ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ ಅನ್ನಿಸೋದು!

ಆದರೂ ಗೆದ್ದವನಲ್ಲ. ಕೊನೆಯ ತಿರುವಿನವರೆಗೂ ಎಲ್ಲರಿಗಿಂತ ಮುಂದೆ. ಅಲ್ಲಿ, ಹಾಳಾದ್ದು, ಹಿಂದೆ ತಿರುಗಿ ನೋಡಿಬಿಡುತ್ತಿದ್ದ. ಅಷ್ಟರಲ್ಲಿ ಇಬ್ಬರು ಮೂವರು ದಾಟಿ ಹೋಗುತ್ತಿದ್ದರು.

ನಾಳೆಯ ಓಟದಲ್ಲೂ ಸೋತರೆ ತಂಡದಲ್ಲಿ ಜಾಗವಿಲ್ಲ ಎಂದು ತಂಡದವರು ಹೇಳಿಯಾಗಿತ್ತು. ಓಟ ಬಿಟ್ಟರೆ ಅವನಿಗೆ ಲೋಕದಲ್ಲಿ ಬೇರೇನೂ ಇರಲಿಲ್ಲ. ತನ್ನ ಗುರು, ಮುದುಕ ಲಾಂಬ್ರೋಸರ ಬಳಿಗೆ ಹೋದ.

"ಗುರುಗಳೇ, ನಾನು ಹಿಂದೆ ನೋಡದ ಹಾಗೆ ಏನಾದರೂ ಮಾಡಿ. ಬೇಕಾದರೆ ಕತ್ತಿಗೆ ಹಲಗೆ ಕಟ್ಟಿ."

ಗುರುಗಳು ಅವನನ್ನು ನದಿ ದಂಡೆಗೆ ಕರೆದೊಯ್ದರು. ದೂರದ ಬಂಡೆಯ ಮೇಲೆ ಕೂತು, "ನನ್ನ ಕಡೆಗೆ ಓಡಿ ಬಾ," ಅಂದರು.

ಓಡಿದ. ಬಂಡೆ ಹತ್ತಿರವಾಗುತ್ತಿದ್ದಂತೆ ಕತ್ತು ತಾನಾಗಿ ಹಿಂದಕ್ಕೆ ತಿರುಗಿತು.

"ಯಾರನ್ನು ನೋಡಿದೆಯೋ?"

"ಹಿಂದೆ ಬರುವವರನ್ನ."

"ಇಲ್ಲಿರೋದು ನಾವಿಬ್ಬರೇ. ನಾನು ನಿನ್ನ ಮುಂದೆ ಕೂತಿದ್ದೀನಿ."

ಸ್ತ್ರಾತಿಸ್ ಬಂಡೆಯ ಬುಡದಲ್ಲಿ ಕೂತ. ಆಮೇಲೆ ಮೆಲ್ಲಗೆ ಹೇಳಿದ.

"ಯುದ್ಧದಲ್ಲಿ ನಮ್ಮೂರು ಸ್ಮಿರ್ನಾ ಹತ್ತಿ ಉರಿದ ದಿನ, ಹಡಗು ಹೊರಡೋದರಲ್ಲಿತ್ತು. ಅಮ್ಮನಿಗೆ, ನನ್ನ ಹಿಂದೇ ಬಾ ಅಂದೆ. ಜನರನ್ನು ಸೀಳಿಕೊಂಡು ಓಡಿದೆ. ಹಡಗು ಮುಟ್ಟೋವರೆಗೂ ಒಂದು ಸಲವೂ ತಿರುಗಲಿಲ್ಲ. ತಿರುಗಿದಾಗ ಅಮ್ಮ ಇರಲಿಲ್ಲ."

ಗುರುಗಳು ಎದ್ದು ಬಟ್ಟೆಯ ಮಣ್ಣು ಕೊಡವಿಕೊಂಡರು.

"ನೋಡಬೇಡ ಅನ್ನಲ್ಲ ನಾನು. ನೋಡು. ಆದರೆ ಗೆರೆ ದಾಟಿ, ನಿಂತು, ಪೂರ್ತಿ ತಿರುಗಿ ನೋಡು."

ಮಾರನೆಯ ದಿನ ಕೊನೆಯ ತಿರುವಿನಲ್ಲಿ ಬೆನ್ನ ಹಿಂದೆ ಹೆಜ್ಜೆ ಸಪ್ಪಳ ಕೇಳಿತು. ಸ್ತ್ರಾತಿಸ್ ಹಲ್ಲು ಕಚ್ಚಿಕೊಂಡು, ತಿರುಗದೆ ಓಡಿದ. ಗೆದ್ದೂ ಬಿಟ್ಟ!

ಜನ ಕೂಗುತ್ತಿದ್ದರು. ಅವನು ಗೆರೆಯಾಚೆ ನಿಂತು ತಿರುಗಿದ. ಓಟಗಾರರು ಒಬ್ಬೊಬ್ಬರೇ ಬಂದರು. ಕಟ್ಟಕಡೆಯವನೂ ಏದುಸಿರು ಬಿಡುತ್ತ ಬಂದು ಸೇರಿದ. ಪದಕಕ್ಕೆ ಕರೆದರು, ಇವನು ಕದಲಲಿಲ್ಲ. ಮೈದಾನ ಬರಿದಾಯಿತು. ಇವನು ಬಂದ ದಾರಿಯನ್ನೇ ನೋಡುತ್ತಿದ್ದ.

ಗುರುಗಳು ಬಂದು ಪಕ್ಕದಲ್ಲಿ ನಿಂತರು.

"ಎಲ್ಲರೂ ಬಂದರು, ಗುರುಗಳೇ," ಅಂದ ಸ್ತ್ರಾತಿಸ್. "ಅಮ್ಮ ಬರಲಿಲ್ಲ."

"ಬರಲ್ಲ, ಮಗಾ. ಈಗ ಅಳು."