ಓತಿಕ್ಯಾತನ ದಿವಾಳಿ ಅರ್ಜಿ

ಮನೆ ಖರ್ಚಿಗೆಂದು ಬೇಲಿಯ ಓತಿಕ್ಯಾತ ಇರುವೆಯಮ್ಮನಿಂದ ಕಾಳು ಸಾಲ ತಂದ. ಅದನ್ನು ತೀರಿಸಲು ಅಳಿಲಪ್ಪನಿಂದ ತಂದ, ಅಳಿಲಪ್ಪನ ಕಾಟ ತಾಳದೆ ಹೆಗ್ಗಣರಾಯರಿಂದ ತಂದ. ಕೊನೆಗೆ ಕೊಟ್ಟವರು ಕೇಳಲು ಬಂದಾಗಲೆಲ್ಲ ಎಲೆಯ ಬಣ್ಣ ತಾಳಿ ಅಡಗುವುದೇ ಅವನ ಉದ್ಯೋಗವಾಯಿತು. ಅದನ್ನವನು ಜಾಣತನವೆಂದೇ ತಿಳಿದಿದ್ದ. ಒಂದು ದಿನ ಮಗಳು ಅವನ ಮೂಗಿನ ಮುಂದೆಯೇ ನಿಂತು, "ಅಮ್ಮಾ, ಅಪ್ಪ ಎಲ್ಲಿ?" ಎಂದು ಅತ್ತಳು. ತನ್ನ ಜಾಣತನಕ್ಕೆ ಅವನಿಗೆ ಮೊದಲು ನಗು ಬಂತು, ಆಮೇಲೆ ಅಳು.

ಊರಿಗೆಲ್ಲ ನ್ಯಾಯ ಹೇಳುವ ಆಮೆಯಜ್ಜನ ಬಳಿಗೆ ಓಡಿದ. "ಅಜ್ಜಾ, ದಿವಾಳಿ ಅರ್ಜಿ ಹಾಕಿದರೆ ನನ್ನ ಮರ್ಯಾದೆಯ ಗತಿ ಏನು?"

"ಇರುವುದನ್ನು ಒಪ್ಪಿಸಬೇಕು. ಇಲ್ಲವೆಂಬುದನ್ನು ಎಲ್ಲರೆದುರು ಹೇಳಬೇಕು. ಉಳಿದ ಸಾಲ ಮನ್ನಾ. ಆದರೆ ಮೂರು ಮಳೆಗಾಲ ನಿನಗೆ ಯಾರೂ ಸಾಲ ಕೊಡುವಂತಿಲ್ಲ."

"ಇದು ಶಿಕ್ಷೆಯೋ, ಔಷಧಿಯೋ?"

"ಕಹಿಯಂತೂ ಹೌದು" ಎಂದ ಅಜ್ಜ.

ಮರುದಿನ ಓತಿಕ್ಯಾತ ತನ್ನ ಸ್ವಂತ ಮಣ್ಣುಬಣ್ಣದಲ್ಲೇ ಅರಳಿಕಟ್ಟೆ ಏರಿ, "ನನ್ನ ಹತ್ತಿರ ಏನೂ ಇಲ್ಲ!" ಎಂದು ಕೂಗಿದ. ಉಗಿಸಿಕೊಳ್ಳಲು ಸಿದ್ಧನಾಗಿ ಕಣ್ಣು ಮುಚ್ಚಿದ. ಯಾರೂ ಉಗಿಯಲಿಲ್ಲ. ಮೆಲ್ಲಗೆ ಕಣ್ಣು ತೆರೆದರೆ, ಹೆಗ್ಗಣರಾಯರು ಪಕ್ಕದಲ್ಲೇ ನಿಂತಿದ್ದರು. ಅತ್ತಿತ್ತ ನೋಡಿ, ಅವನ ಕಿವಿಯಲ್ಲಿ ಕೇಳಿದರು:

"ಆ ಅರ್ಜಿ ಎಲ್ಲಿ ಸಿಗುತ್ತದಪ್ಪ?"