ಎಡೆಯ ಮುಂದಿನ ಲೋಟ

ನಾಲೆಯ ಮೆಟ್ಟಿಲ ಮೇಲೆ ಕುಳಿತು ಪೂಜ್ಯ ಮಾತೆ ನಿರ್ಮಲಾಂಬೆಯವರು ರೋಗಿಗಳ ಹೊಲಸಾದ ಕಂಬಳಿಗಳನ್ನು ಸ್ವಹಸ್ತದಿಂದ ಒಗೆಯುತ್ತಿದ್ದರು. ಕುಡಿತ ಬಿಡಲು ಬಂದವರಿಗೆಂದು ಅವರ ಆಶ್ರಮದಲ್ಲಿದ್ದುದು ಹನ್ನೊಂದು ಹಾಸಿಗೆ. ಔಷಧಿಗೆ ವೈದ್ಯರಿದ್ದರು, ಕಂಬಳಿಯ ಕೆಲಸವನ್ನು ಮಾತ್ರ ಮಾತೆಯವರು ಯಾರಿಗೂ ಬಿಟ್ಟುಕೊಟ್ಟವರಲ್ಲ.

ಆಲೆಮನೆಯಲ್ಲಿ ಬೆಲ್ಲ ಕಾಯಿಸುವ ಹೊಂಬಾಳೇಗೌಡ ಕಿರಿಮಗ ಶಶಿಧರನ ರಟ್ಟೆ ಹಿಡಿದು ಅಲ್ಲಿಗೆ ಎಳೆತಂದ. ಹಿರಿಮಗ ಚಂದ್ರ ಹಿಂದಿನ ವರ್ಷ ಕುಡಿದ ಅಮಲಿನಲ್ಲಿ ಕುದಿಯುವ ಕೊಪ್ಪರಿಗೆಗೆ ಬಿದ್ದು ಸತ್ತಿದ್ದ. ಹತ್ತೊಂಬತ್ತರ ಈ ಮಗನೂ ಈಗ ದಿನಾ ಕುಡಿಯತೊಡಗಿದ್ದ.

"ಅಮ್ಮಾರೇ, ಇವನಿಗೊಂದು ದಾರ ಕಟ್ಟಿ, ಒಳಗೆ ಹಾಕ್ಕೊಳ್ಳಿ. ನಮ್ಮಪ್ಪಂದೂ ಇದೇ ಕತೆ. ರಕ್ತದಲ್ಲೇ ಅದೆ, ನೀವು ಮಾತ್ರ ಏನು ಮಾಡೀರಿ?"

"ಮೊದಲ ಗುಟುಕು ಕೊಟ್ಟವರು ಯಾರು?"

ಗೌಡ ಮಗನ ರಟ್ಟೆ ಬಿಟ್ಟ.

"ಇವ್ನೇಯ, ನಮ್ಮಪ್ಪ," ಎಂದ ಶಶಿಧರ. "ಪಿತೃಪಕ್ಷದಲ್ಲಿ ತಾತನ ಫೋಟೋ ಮುಂದೆ ಎಡೆಗೆ ಬ್ರಾಂದಿ ಇಟ್ಟಿದ್ದ. ಪ್ರಸಾದ ಕಣ್ಲಾ, ಬ್ಯಾಡ ಅನ್ಬಾರ್ದು ಅಂತ ಅಣ್ಣಂಗೂ ನಂಗೂ ಬಾಯಿಗೆ ಬಿಟ್ಟ. ನಂಗಾಗ ಆರು ವರ್ಷ. ಈ ಸಲ ಅಣ್ಣನ ಫೋಟೋ ಮುಂದೂ ಇಟ್ಟ."

ಇಟ್ಟದ್ದು ನಿಜ. ಸತ್ತ ಮಗನಿಗೆ ಬಾಯಾರೀತೆಂದು ಲೋಟದ ತುಂಬ ಸುರಿದಿದ್ದ.

ಮಾತೆಯವರು ಕಂಬಳಿ ಹಿಂಡಿ ಎದ್ದರು. "ಒಂದೇ ಹಾಸಿಗೆ ಖಾಲಿಯಿದೆ. ಅದು ನಿಮಗೆ."

"ನಂಗಾ? ಮೈಕೈ ನೋವಿಗೆ ಕುಡಿಯೋನು ನಾನು!"

"ಮಗನ ಕೈ ಇನ್ನೂ ನಡುಗುತ್ತಿಲ್ಲ ಗೌಡರೇ. ನಿಮ್ಮದು ನಡುಗುತ್ತಿದೆ."

"ನಾನು ಬಿಟ್ರೆ ಇವನು ಉಳೀತಾನಾ?"

"ಮಾತು ಕೊಡಲಾರೆ. ನೀವು ಬಿಡದಿದ್ದರೆ ಉಳಿಯುವುದು ಇನ್ನೂ ಕಷ್ಟ."

ಗೌಡ ಆ ಹಾಸಿಗೆ ಸೇರಿದ, ಶಶಿಧರ ನೋಡಿಕೊಳ್ಳಲು ಜೊತೆಗುಳಿದ. ಕುಡಿತ ನಿಂತ ಮೂರನೆಯ ದಿನ ಗೌಡ ಮೈಮೇಲೆ ಇರುವೆಗಳು ಹರಿಯುತ್ತಿವೆಯೆಂದು ಚೀರಿದ. ಹಾಸಿಗೆಯಲ್ಲೇ ಉಚ್ಚೆ ಹೊಯ್ದುಕೊಂಡ. ಆ ದಿನ ಮೊದಲ ಬಾರಿಗೆ ಮಾತೆಯವರು ತಾವು ಒಗೆಯಲಿಲ್ಲ. ಕಂಬಳಿಯನ್ನು ಶಶಿಧರನ ಕೈಗಿತ್ತು, ನಾಲೆಯ ಕಡೆ ಕಣ್ಸನ್ನೆ ಮಾಡಿದರು. ಅವನು ಒಗೆದ. ಒಗೆಯುತ್ತಲೇ ಎರಡು ಸಲ ವಾಂತಿ ಮಾಡಿಕೊಂಡ.

ಮರುವರ್ಷದ ಪಿತೃಪಕ್ಷದಲ್ಲಿ ಗೌಡ ಎರಡೂ ಫೋಟೋಗಳ ಮುಂದೆ ಕಬ್ಬಿನ ಹಾಲಿಟ್ಟು ಕೈಮುಗಿದ.

"ಬ್ರಾಂದಿ ಇಡ್ದೆ ಸತ್ತೋರನ್ನೂ ಬಾಯಾರಿಸ್ತೀಯೇನ್ಲಾ?" ಎಂದು ದಾಯಾದಿಗಳು ಹಂಗಿಸಿದರು. ಗೌಡ ಚಂದ್ರನ ಮುಂದಿನ ಲೋಟವನ್ನು ಕಿರಿಮಗನಿಗೆ ಚಾಚಿದ.

ಶಶಿಧರ ಬ್ರಾಂದಿಯ ವಾಸನೆಯಿದೆಯೇ ಎಂದು ಅದನ್ನು ಮೊದಲು ಮೂಸಿ ನೋಡಿದ. ಆಮೇಲೆ ಕುಡಿದ.

ಮಗ ಮೂಸಿದ್ದನ್ನು ಕಂಡ ಗೌಡ, ತೀರಿಹೋದ ಚಂದ್ರನಿಗಾಗಿ ಅಂದೇ ಮೊದಲು ಗಟ್ಟಿಯಾಗಿ ಅತ್ತ.